ಗಾಂಧಿ ಬಜಾರಿನ ಸಕ್ಕರೆ ಕಾಲ

ಜನವರಿ ಎರಡನೇ ವಾರ ಒಂದು ಸಂಜೆ ಆಫೀಸ್ ಮುಗಿಸಿ ನೇರ ಗಾಂಧಿ ಬಜಾರಿಗೆ ಹೋಗಿ ನೋಡಿ. ಮೆಟ್ರೋ ಹಸಿರು ಮಾರ್ಗದ ನ್ಯಾಷನಲ್ ಕಾಲೇಜು ಸ್ಟೇಷನ್ನಿನಲ್ಲಿ ಇಳಿದರೆ ಹತ್ತು ಹದಿನೈದು ನಿಮಿಷದ ನಡಿಗೆ. ಬಜಾರು ಕಣ್ಣಿಗೆ ಬೀಳೋ ಮೊದಲೇ ಮೂಗಿಗೆ ಸಿಗತ್ತೆ. ಸೊಗಡು ಅವರೆಕಾಯಿ, ಸೇವಂತಿಗೆ, ಆಗ ತಾನೇ ಸಿಪ್ಪೆ ಹೆರೆದ ಕಬ್ಬಿನ ಹಸಿ ವಾಸನೆ. ಗೋಡೆಗೆ, ಕಂಬಕ್ಕೆ, ನಿಂತ ಲಗೇಜ್ ಆಟೋಗೆ ಒರಗಿಸಿದ ಕರಿ ಕಬ್ಬಿನ ಕಟ್ಟುಗಳು. ನೆಲದ ಮೇಲೆ ಗೋಣಿ ಹಾಸಿ ಸುರಿದ ಗೆಣಸು, ಕಡಲೆಕಾಯಿ, ಎಲಚಿ ಹಣ್ಣು.

ಅಂಗಡಿಗಳ ಮುಂದೆ ಮೇಜು ಹಾಕಿ ಎಳ್ಳಿನ ಪೊಟ್ಟಣ ಜೋಡಿಸಿರ್ತಾರೆ. ಪಕ್ಕದಲ್ಲೇ ಬಿಳಿ, ಗುಲಾಬಿ, ಹಳದಿ ಬಣ್ಣದ ಸಕ್ಕರೆ ಅಚ್ಚು. ಅಪ್ಪನ ಹೆಗಲ ಮೇಲೆ ಕೂತ ಮಗು ಆನೆ ಬೇಕು ಅಂತ ಕೈ ತೋರಿಸತ್ತೆ, ಅಮ್ಮ ಗಿಣಿ ಸಾಕು ಅಂತಾಳೆ. ಹಿಂದಿನಿಂದ ಸ್ಕೂಟರ್ ಹಾರ್ನ್. ಯಾರೂ ಸರಿಯಲ್ಲ.

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆ ಈ ಮೂರೂ ಕಡೆ ವರ್ಷಕ್ಕೊಮ್ಮೆ ಹೀಗೆ ಹತ್ತು ದಿನ ಬರತ್ತೆ. ಪಂಚಾಂಗದಲ್ಲಿ ಅದರ ಹೆಸರು ಸಂಕ್ರಾಂತಿ. ಮಕ್ಕಳ ಲೆಕ್ಕದಲ್ಲಿ ಅದು ಸಕ್ಕರೆ ಕಾಲ.

ಅಲ್ಲಿ ಮೇಪಲ್, ಇಲ್ಲಿ ಕಬ್ಬು

ನನ್ನ ಚಿಕ್ಕಪ್ಪನ ಮಗಳು ಕೆನಡಾದ ಒಂಟಾರಿಯೋದಲ್ಲಿದ್ದಾಳೆ. ಪ್ರತಿ ಮಾರ್ಚಿಗೆ ಅವಳ ಮಗನ ವಿಡಿಯೋ ಬರತ್ತೆ. ದಪ್ಪ ಜಾಕೆಟ್ಟು, ಮೊಣಕಾಲುದ್ದ ಬೂಟು ಹಾಕ್ಕೊಂಡು, ಹಿಮದಲ್ಲಿ ನಿಂತು, ಮರಕ್ಕೆ ತೂಗು ಹಾಕಿದ ಬಕೆಟ್ಟಿಗೆ ಬಾಯಿ ಹಾಕಿ ಇಣುಕ್ತಿರ್ತಾನೆ. ಮೇಪಲ್ ಮರದ ರಸ ತೆಗೆದು ಕಾಯಿಸಿ ಸಿರಪ್ ಮಾಡೋ ಕಾಲ ಅದು. ಊರಿನ ಮಕ್ಕಳನ್ನೆಲ್ಲ ಕಾಡಿಗೆ ಕರ್ಕೊಂಡು ಹೋಗಿ ತೋರಿಸ್ತಾರೆ. ಮರ ಮುಟ್ಟು, ಹನಿ ನೆಕ್ಕು, ಬೆಂಕಿ ಮುಂದೆ ಕೂರು, ಕೊನೆಗೆ ಹಿಮದ ಮೇಲೆ ಬಿಸಿ ಪಾಕ ಸುರಿದು ಕಡ್ಡಿಗೆ ಸುತ್ತಿ ತಿನ್ನು. ಇಷ್ಟೇ ಸಿಲಬಸ್.

ಅದರ ಹಿಂದಿನ ವಿಜ್ಞಾನ ಸೊಗಸಾಗಿದೆ. ರಾತ್ರಿ ಸೊನ್ನೆಗಿಂತ ಕೆಳಗೆ, ಹಗಲು ಸೊನ್ನೆಗಿಂತ ಮೇಲೆ. ಈ ಏರಿಳಿತ ಇದ್ದಾಗ ಮಾತ್ರ ಮರದಲ್ಲಿ ರಸ ಓಡತ್ತೆ. ರಸದಲ್ಲಿ ಸಕ್ಕರೆ ಇರೋದು ಶೇ 2ರಷ್ಟು. ಸುಮಾರು 40 ಲೀಟರ್ ರಸ ಕಾಯಿಸಿದರೆ 1 ಲೀಟರ್ ಸಿರಪ್. ಜಗತ್ತಿನ ಮೇಪಲ್ ಸಿರಪ್‌ನಲ್ಲಿ ಸುಮಾರು ಶೇ 70 ಕೆನಡಾದ ಕ್ವಿಬೆಕ್ ಪ್ರಾಂತ್ಯದಿಂದಲೇ ಬರತ್ತೆ. ಆದರೆ ಈ ವಿದ್ಯೆ ಅಲ್ಲಿನ ಮೂಲನಿವಾಸಿಗಳದ್ದು. ಅನಿಶಿನಾಬೆ ಜನರ ತಿಂಗಳ ಲೆಕ್ಕದಲ್ಲಿ ಸಕ್ಕರೆ ಕಾಯಿಸೋದಕ್ಕೇ ಒಂದು ತಿಂಗಳಿದೆ.

ಆ ವಿಡಿಯೋ ನೋಡಿದ ನಮ್ಮ ಅಪಾರ್ಟ್‌ಮೆಂಟಿನ ಒಂಬತ್ತು ವರ್ಷದ ಹುಡುಗಿ ಕೇಳಿದಳು. "ಆಂಟಿ, ನಮ್ಮಲ್ಲಿ ಯಾಕೆ ಇಂಥದ್ದು ಇಲ್ಲ?"

ಇದೆ. ಮರದ ಬದಲು ಕಬ್ಬು, ಹಿಮದ ಬದಲು ಮಾಗಿಯ ಚಳಿ. ಕಬ್ಬಿಗೂ ಸಿಹಿ ಕಟ್ಟೋಕೆ ಚಳಿಯೇ ಬೇಕು. ಮಳೆ ನಿಂತು, ರಾತ್ರಿ ತಣ್ಣಗಾದಾಗ ಗಿಡ ಉದ್ದ ಬೆಳೆಯೋದು ಕಮ್ಮಿಯಾಗಿ ದಂಟಿನಲ್ಲಿ ಸಕ್ಕರೆ ಕೂಡಿಡತ್ತೆ. ಸಂಕ್ರಾಂತಿ ಹೊತ್ತಿಗೆ ಅದು ತಿನ್ನೋ ಹದಕ್ಕೆ ಬಂದಿರತ್ತೆ. ಕಬ್ಬು ಒಂದು ಜಾತಿ ಹುಲ್ಲು ಅಂದರೆ ಮಕ್ಕಳು ನಂಬಲ್ಲ. ರಾಗಿ, ಭತ್ತದ ಪೈರು ಪಕ್ಕಕ್ಕಿಟ್ಟು ಗಿಣ್ಣು ತೋರಿಸಿದರೆ ನಂಬ್ತಾರೆ. ಇನ್ನೊಂದು ಪ್ರಯೋಗ ಇದೆ, ಖರ್ಚಿಲ್ಲದ್ದು. ಒಂದೇ ಜಲ್ಲೆಯ ಬುಡದ ತುಂಡು, ತುದಿಯ ತುಂಡು ಎರಡನ್ನೂ ಕೊಟ್ಟು ಯಾವುದು ಸಿಹಿ ಅಂತ ಕೇಳಿ. ಬುಡ ಮೊದಲು ಮಾಗತ್ತೆ, ತುದಿ ಸಪ್ಪೆ. ಗಿಡ ಹೇಗೆ ಬೆಳೆಯತ್ತೆ ಅನ್ನೋದನ್ನ ಹಲ್ಲಿನಲ್ಲೇ ಕಲೀತಾರೆ.

ಒಂದು ಹಿಡಿಯಲ್ಲಿ ಕರ್ನಾಟಕ

ಎಳ್ಳು ಬೀರೋ ಮಿಶ್ರಣದಲ್ಲಿ ಇರೋದು ಐದೇ ಸಾಮಾನು. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಬೀಜ. ಅದನ್ನ ಅಂಗೈ ಮೇಲೆ ಹರಡಿಕೊಂಡು ಒಂದೊಂದೇ ಕಾಳು ಎಲ್ಲಿಂದ ಬಂತು ಅಂತ ಕೇಳ್ತಾ ಹೋದರೆ ರಾಜ್ಯದ ನಕ್ಷೆಯೇ ಬಿಚ್ಚಿಕೊಳ್ಳತ್ತೆ.

ಬೆಲ್ಲ ಅಂದರೆ ಮಂಡ್ಯ. ಕೆಆರ್‌ಎಸ್ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದ ಮೇಲೆ ಒಣಭೂಮಿಯಾಗಿದ್ದ ಆ ಸೀಮೆ ಕಬ್ಬಿನ ನಾಡಾಯ್ತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾದದ್ದೂ ಅಲ್ಲೇ. ಮೇಪಲ್‌ನ 40ಕ್ಕೆ 1ರ ಲೆಕ್ಕದ ಎದುರು ನಮ್ಮ ಆಲೆಮನೆಯ ಲೆಕ್ಕ ಉದಾರ. ಸುಮಾರು 10 ಕೆಜಿ ಕಬ್ಬಿಗೆ 1 ಕೆಜಿ ಬೆಲ್ಲ.

ಕೊಬ್ಬರಿ ಅಂದರೆ ತಿಪಟೂರು. ಉಂಡೆ ಕೊಬ್ಬರಿ ಆಗೋದು ಅವಸರದಲ್ಲಲ್ಲ. ಬಲಿತ ಕಾಯಿಗಳನ್ನ ಅಟ್ಟದ ಮೇಲೆ ಎಂಟು ಹತ್ತು ತಿಂಗಳು, ಕೆಲವು ಸಲ ವರ್ಷವೇ ಇಡ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಸದ್ದು ಬಂದಾಗ ಕೊಬ್ಬರಿ ತಯಾರು. ಅಂದರೆ ಈ ಸಂಕ್ರಾಂತಿಯ ಕೊಬ್ಬರಿ ಹೋದ ಸಂಕ್ರಾಂತಿಯ ಆಸುಪಾಸಿಗೇ ಅಟ್ಟ ಹತ್ತಿದ್ದಿರಬಹುದು. ಹತ್ತು ನಿಮಿಷದ ಡೆಲಿವರಿಗೆ ಒಗ್ಗಿದ ಮಕ್ಕಳಿಗೆ ಇದನ್ನ ಹೇಳಿ ನೋಡಿ, ಮುಖ ನೋಡೋ ಹಾಗಿರತ್ತೆ.

ಕಡಲೆಬೀಜ ಪಾವಗಡ, ಚಳ್ಳಕೆರೆ ಕಡೆಯ ಕೆಂಪು ನೆಲದ್ದು. ಹುರಿಗಡಲೆಯ ಕಡಲೆ ಗದಗ, ವಿಜಯಪುರ, ಕಲಬುರಗಿಯ ಕಪ್ಪು ಎರೆ ನೆಲದ ಬೆಳೆ. ಹಿಂಗಾರಿನ ತೇವ, ಚಳಿಗಾಲದ ಮಂಜು ಎರಡರಲ್ಲೇ ಬೆಳೆಯೋ ಗಟ್ಟಿ ಜೀವ. ಎಳ್ಳು ಮಳೆ ನಂಬಿದ ಹೊಲದ್ದು. ಬಸವನಗುಡಿಯ ಮಕ್ಕಳಿಗೆ ಇದರ ಮುನ್ನುಡಿ ಕಾರ್ತಿಕದ ಕೊನೇ ಸೋಮವಾರವೇ ಸಿಕ್ಕಿರತ್ತೆ. ಬುಲ್ ಟೆಂಪಲ್ ರಸ್ತೆ ತುಂಬ ಕಡಲೆಕಾಯಿ ರಾಶಿ ಹಾಕೋ ಪರಿಷೆ ಅಂದು. ದೊಡ್ಡ ಬಸವಣ್ಣನಿಗೆ ಮೊದಲ ಬೆಳೆ, ಆಮೇಲೆ ಊರಿಗೆ. ಪರಿಷೆಯಿಂದ ಸಂಕ್ರಾಂತಿವರೆಗೆ ಸುಗ್ಗಿ ಒಂದೊಂದೇ ಹೆಜ್ಜೆ ಇಟ್ಟು ಪೇಟೆಗೆ ಬರತ್ತೆ.

ಹಿಂದೆ ಈ ಐದನ್ನೂ ಮನೆಯಲ್ಲೇ ಹದ ಮಾಡ್ತಿದ್ದರು. ಕೊಬ್ಬರಿಯ ಕಂದು ಬೆನ್ನು ಹೆರೆದು, ಬಿಳಿ ಭಾಗವನ್ನ ಅಡಕೊತ್ತಿನಲ್ಲಿ ಸಣ್ಣಗೆ ಕತ್ತರಿಸಿ, ಬೆಲ್ಲವನ್ನ ಚಿಕ್ಕ ಚಿಕ್ಕ ಚೌಕ ಮಾಡಿ ತಾರಸಿ ಮೇಲೆ ಬಿಸಿಲಿಗೆ. ಕಾಗೆ, ಅಳಿಲು ಕಾಯೋದು ಮಕ್ಕಳ ಡ್ಯೂಟಿ. ಕಾಯೋರು ಎಷ್ಟು ತಿಂದರು, ಅಳಿಲು ಎಷ್ಟು ತಿಂತು ಅನ್ನೋ ಲೆಕ್ಕ ಯಾರೂ ಕೇಳ್ತಿರಲಿಲ್ಲ.

ಅಚ್ಚು ಹಾಕೋ ಭಾನುವಾರ

ಸಕ್ಕರೆ ಅಚ್ಚು ಗೊತ್ತಿಲ್ಲದ ಬೆಂಗಳೂರಿಗರಿಗೆ ಒಂದು ಮಾತು. ಎರಡು, ಕೆಲವು ಸಲ ಮೂರು ತುಂಡು ಸೇರಿ ಆಗೋ ಮರದ ಅಚ್ಚುಗಳು. ಒಳಗೆ ಆಕಾರ ಕೆತ್ತಿರತ್ತೆ. ಬೃಂದಾವನ, ಕಳಶ, ಆನೆ, ಮೀನು, ನವಿಲು, ಬಾಳೆಗೊನೆ, ಗೋಪುರ. ಸಕ್ಕರೆ ಪಾಕ ಸುರಿದರೆ ಹತ್ತು ನಿಮಿಷದಲ್ಲಿ ಹೆಬ್ಬೆಟ್ಟಿನ ಗಾತ್ರದ ಬಿಳಿ ಆನೆ ಕೈಗೆ ಬರತ್ತೆ.

ನಮ್ಮ ಅಮ್ಮನ ಹತ್ತಿರ ಅಂಥ ಮೂರು ಅಚ್ಚಿನ ಹಲಗೆಗಳಿವೆ, ಅವರ ಅತ್ತೆ ಕೊಟ್ಟದ್ದು. ಹೋದ ಸಂಕ್ರಾಂತಿಗೆ ಮುಂಚಿನ ಭಾನುವಾರ ನಮ್ಮ ಅಪಾರ್ಟ್‌ಮೆಂಟಿನ ಏಳು ಮಕ್ಕಳನ್ನ ಸೇರಿಸಿ ಅಚ್ಚು ಹಾಕಿದ್ವಿ. ಅಡುಗೆಮನೆ ಸಾಲದೆ ಒಲೆ, ಸಿಲಿಂಡರ್ ಎಲ್ಲ ತಾರಸಿಗೇ ಹೋಯ್ತು.

ಕೆಲಸ ಹಿಂದಿನ ರಾತ್ರಿಯೇ ಶುರು. ಅಚ್ಚುಗಳನ್ನ ನೀರಲ್ಲಿ ನೆನೆಸಿಡಬೇಕು, ಇಲ್ಲದಿದ್ದರೆ ಪಾಕ ಮರಕ್ಕೆ ಕಚ್ಚಿಕೊಳ್ಳತ್ತೆ. ಬೆಳಗ್ಗೆ ಒರೆಸಿ, ಜೋಡಿಸಿ, ರಬ್ಬರ್ ಬ್ಯಾಂಡ್ ಬಿಗಿದು, ಒದ್ದೆ ಬಟ್ಟೆ ಮೇಲೆ ಸಾಲಾಗಿ ನಿಲ್ಲಿಸೋದು. ಇದು ಮಕ್ಕಳ ಕೆಲಸ. ಒಲೆ ಹತ್ತಿರ ಅವರಿಗೆ ಪ್ರವೇಶ ಇಲ್ಲ. ಪಾಕದ ಬಿಸಿ ಕುದಿಯೋ ನೀರಿಗಿಂತ ಜಾಸ್ತಿ, ಮೈಗೆ ಬಿದ್ದರೆ ಅಂಟಿಕೊಂಡು ಸುಡತ್ತೆ. ಸೀಮೆಸುಣ್ಣದಲ್ಲಿ ಗೆರೆ ಎಳೆದು "ಇದು ಲಕ್ಷ್ಮಣ ರೇಖೆ, ದಾಟಿದವರಿಗೆ ಆನೆ ಇಲ್ಲ" ಅಂದರು ಅಮ್ಮ.

ಅರ್ಧ ಕೆಜಿ ಸಕ್ಕರೆ, ಅದು ಮುಳುಗುವಷ್ಟು ನೀರು. ಕುದಿ ಬಂದಾಗ ಎರಡು ಚಮಚ ಹಾಲು. ಹಾಲು ಒಡೆದು, ಸಕ್ಕರೆಯಲ್ಲಿರೋ ಕಸರನ್ನ ಹಿಡಿದುಕೊಂಡು ನೊರೆಯಾಗಿ ಮೇಲೆ ಬರತ್ತೆ. ಅದನ್ನ ತೆಳು ಬಟ್ಟೆಯಲ್ಲಿ ಸೋಸಿದರೆ ಕನ್ನಡಿಯಂಥ ಪಾಕ. ಅದನ್ನ ಸ್ವಲ್ಪ ಸ್ವಲ್ಪವೇ ಚಿಕ್ಕ ಪಾತ್ರೆಗೆ ಹಾಕಿ, ಕೆಲವು ಹನಿ ನಿಂಬೆರಸ ಬಿಟ್ಟು ಮತ್ತೆ ಕಾಯಿಸಬೇಕು. ಹುಳಿ ಬಿದ್ದಾಗ ಸಕ್ಕರೆಯ ಒಂದು ಪಾಲು ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯತ್ತೆ; ಅದರಿಂದ ಹರಳು ದಪ್ಪಗಾಗದೆ ಅಚ್ಚು ನುಣ್ಣಗೆ ಬರತ್ತೆ. ಹತ್ತನೇ ಕ್ಲಾಸಿನ ಕೆಮಿಸ್ಟ್ರಿ, ಒಂದು ನಿಂಬೆಹಣ್ಣಿನಲ್ಲಿ.

ಪಾಕ ಗಟ್ಟಿಯಾಗ್ತಾ ಬಂದಾಗ ಬೇಗ ಬೇಗ ತಿರುವಬೇಕು. ತಿಳಿಯಾಗಿದ್ದದ್ದು ಇದ್ದಕ್ಕಿದ್ದ ಹಾಗೆ ಮಬ್ಬಾಗಿ ಹಾಲಿನ ಬಣ್ಣಕ್ಕೆ ತಿರುಗತ್ತೆ. ಆ ಕ್ಷಣಕ್ಕೇ ಸುರೀಬೇಕು. ಮೊದಲೇ ಸುರಿದರೆ ಅಂಟು, ತಡವಾದರೆ ಪಾತ್ರೆಯಲ್ಲೇ ಕಲ್ಲು.

"ಅಜ್ಜೀ, ಯೂಟ್ಯೂಬಲ್ಲಿ ಇಷ್ಟೊತ್ತು ಆಗಲ್ಲ."

"ಅವರ ಹತ್ರ ಕತ್ತರಿ ಇದೆ ಮಗು, ಕಟ್ ಮಾಡ್ತಾರೆ. ಪಾಕಕ್ಕೆ ಕತ್ತರಿ ಇಲ್ಲ."

ಅಚ್ಚು ಬಿಚ್ಚೋವಾಗ ಏಳೂ ಮಕ್ಕಳು ಉಸಿರು ಬಿಗಿ ಹಿಡಿದಿದ್ದರು. ಮೊದಲ ಆನೆಗೆ ಸೊಂಡಿಲಿರಲಿಲ್ಲ. ಎರಡನೇದಕ್ಕೆ ಇತ್ತು. ಮುರಿದದ್ದನ್ನ ಅಲ್ಲೇ ತಿನ್ನಬಹುದು ಅನ್ನೋ ಕಾನೂನು ಗೊತ್ತಾದ ಮೇಲೆ ಸೊಂಡಿಲುಗಳು ಸ್ವಲ್ಪ ಜಾಸ್ತಿಯೇ ಮುರಿದವು.

ಸಂಜೆ ಆ ಫೋಟೋಗಳನ್ನ ಒಂಟಾರಿಯೋಗೆ ಕಳಿಸಿದೆ. ಚಿಕ್ಕಪ್ಪನ ಮಗಳ ಉತ್ತರ ಕೂಡಲೇ ಬಂತು. ಕ್ವಿಬೆಕ್‌ನಲ್ಲೂ ಹಿಂದಿನವರು ಮೇಪಲ್ ಸಕ್ಕರೆಯನ್ನ ಮರದ ಅಚ್ಚಿಗೇ ಸುರೀತಿದ್ದರಂತೆ. ಹೃದಯ, ಮೀನು, ಪುಟ್ಟ ಮನೆ ಅಂತ ಕೆತ್ತಿದ ಅಚ್ಚುಗಳು. ಅವರೂ ಹೀಗೇ ಕಾಯಿಸಿ, ತಿರುವಿ, ಮಬ್ಬಾದ ಕೂಡಲೇ ಸುರಿಯೋದು. ಭೂಮಿಯ ಎರಡು ತುದಿಯ ಅಜ್ಜಿಯರು ಒಬ್ಬರನ್ನೊಬ್ಬರು ನೋಡದೆ ಒಂದೇ ಪಾಠ ಕಲಿಸಿದ್ದಾರೆ. ಇಂಗ್ಲಿಷಿನ ಶುಗರ್ ಅನ್ನೋ ಪದವೂ ನಮ್ಮ ಸಕ್ಕರೆಯೂ ಸಂಸ್ಕೃತದ ಶರ್ಕರಾ ಎಂಬ ಒಂದೇ ಬೇರಿನವು. ಆ ಪದಕ್ಕೆ ಮೂಲದಲ್ಲಿ ಹರಳು, ಮರಳು ಅನ್ನೋ ಅರ್ಥ.

ಬೀದಿಯೇ ಮೈದಾನ

ಮಾಡಿದ್ದು ಅರ್ಧ ಹಬ್ಬ. ಬೀರೋದು ಇನ್ನರ್ಧ. ಹೊಸ ಬಟ್ಟೆ ಹಾಕಿ, ತಟ್ಟೆಯಲ್ಲಿ ಎಳ್ಳು, ಅಚ್ಚು, ಕಬ್ಬಿನ ತುಂಡು, ಬಾಳೆಹಣ್ಣು ಇಟ್ಟುಕೊಂಡು ಮನೆ ಮನೆಗೆ ಹೋಗೋದು. "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ" ಅನ್ನೋ ಮಾತು ಆ ದಿನ ಎಷ್ಟು ಬಾಗಿಲಲ್ಲಿ ಕೇಳಿಬರತ್ತೋ ಲೆಕ್ಕವಿಲ್ಲ. ಮೊದಲೆಲ್ಲ ಇದು ಹೆಣ್ಣುಮಕ್ಕಳ ಓಡಾಟ; ಈಗ ಹುಡುಗರೂ ಕುರ್ತಾ ಹಾಕ್ಕೊಂಡು ತಟ್ಟೆ ಹಿಡೀತಾರೆ, ಒಳ್ಳೇದೇ.

ಹಳೇ ಬಡಾವಣೆಗಳು ಈ ಓಡಾಟಕ್ಕೆ ಹೇಳಿ ಮಾಡಿಸಿದ ಹಾಗಿವೆ. ಚಾಮರಾಜಪೇಟೆ 1892ರದ್ದು. 1898ರ ಪ್ಲೇಗ್ ಆದ ಮೇಲೆ ಕಿಕ್ಕಿರಿದ ಪೇಟೆಯಿಂದ ಜನರನ್ನ ಗಾಳಿ ಬೆಳಕಿರೋ ಕಡೆ ಕರೆತರೋಕೆ ಬಸವನಗುಡಿ, ಮಲ್ಲೇಶ್ವರ ಬೆಳೆದವು. ಅಗಲ ರಸ್ತೆ, ನೇರ ಕ್ರಾಸು, ಗೇಟಿನ ಪಕ್ಕ ಒಂದು ಮರ. ಮಲ್ಲೇಶ್ವರದಲ್ಲಂತೂ ರಸ್ತೆಗೇ ಮರದ ಹೆಸರು. ಒಂದು ಸಂಪಿಗೆ ರಸ್ತೆ, ಇನ್ನೊಂದು ಮಾರ್ಗೋಸಾ ರಸ್ತೆ, ಅಂದರೆ ಬೇವಿನ ರಸ್ತೆ. ಎಂಟನೇ ಕ್ರಾಸಿನ ಕಬ್ಬು, ಹೂವಿನ ಸಾಲು ದಾಟಿ ಹೋಗೋ ಮಗುವಿಗೆ ಯಾವ ಮನೆಯಲ್ಲಿ ಪಾರಿಜಾತ ಇದೆ, ಎಲ್ಲಿ ನಾಯಿ ಇದೆ, ಯಾವ ಅಜ್ಜಿ ಅಚ್ಚಿನ ಜೊತೆ ಕೊಬ್ಬರಿ ಮಿಠಾಯಿ ಕೊಡ್ತಾರೆ ಎಲ್ಲ ಬಾಯಿಪಾಠ.

ಚಾಮರಾಜಪೇಟೆಯ ವಠಾರಗಳಲ್ಲಿ ಇನ್ನೂ ಸುಲಭ. ಒಂದು ಅಂಗಳದ ಸುತ್ತ ಎಂಟು ಹತ್ತು ಮನೆ. ಗೇಟು ದಾಟದೆ ಹತ್ತು ತಟ್ಟೆ ಮುಗೀತಿತ್ತು. ಮಕ್ಕಳಿಗೆ ಅಂತ ಒಂದು ಜಾಗ ಬೇಕು ಅನ್ನೋದನ್ನ ಈ ಪೇಟೆ ಬೇಗನೇ ಅರ್ಥ ಮಾಡಿಕೊಂಡಿತ್ತು. ಆರ್. ಕಲ್ಯಾಣಮ್ಮನವರು 1938ರಲ್ಲಿ ಕಟ್ಟಿದ ಮಕ್ಕಳ ಕೂಟದ ಹೆಸರು ಇವತ್ತಿಗೂ ಚಾಮರಾಜಪೇಟೆಯ ವಿಳಾಸಗಳಲ್ಲಿದೆ.

ವಠಾರ ಹೋಯ್ತು ಅಂತ ಕೊರಗೋರಿಗೆ ನಾನು ಹೇಳೋದು ಒಂದೇ. ಅಪಾರ್ಟ್‌ಮೆಂಟ್ ಅಂದರೆ ಮೇಲಕ್ಕೆ ಬೆಳೆದ ವಠಾರ. ನಮ್ಮ ಏಳು ಮಕ್ಕಳು ಲಿಫ್ಟ್ ಹತ್ತಿ ಇಳಿದು ಇಪ್ಪತ್ತೆರಡು ಮನೆಗೆ ಎಳ್ಳು ಬೀರಿದರು. ಅದರಲ್ಲಿ ನಾಲ್ಕು ಮನೆಯವರಿಗೆ ಈ ಹಬ್ಬವೇ ಗೊತ್ತಿರಲಿಲ್ಲ. ಮೂರನೇ ಮಹಡಿಯ ಅಸ್ಸಾಮಿನ ದಂಪತಿ ತಟ್ಟೆ ತಗೊಂಡು ಒಳಗೆ ಹೋಗಿ, ಅದೇ ತಟ್ಟೆಯಲ್ಲಿ ಎಳ್ಳಿನ ಪೀಠಾ ಇಟ್ಟು ವಾಪಸ್ ಕೊಟ್ಟರು. ಅದೇ ದಿನ ಅವರ ಮಾಘ ಬಿಹು. ಅವರದ್ದೂ ಎಳ್ಳು ಬೆಲ್ಲವೇ, ಆಕಾರ ಬೇರೆ. ಎರಡು ವರ್ಷದಿಂದ ಲಿಫ್ಟಿನಲ್ಲಿ ನಗು ವಿನಿಮಯ ಮಾತ್ರ ಇದ್ದವರ ಹೆಸರು ಅಂದು ಗೊತ್ತಾಯ್ತು.

ಸಂಜೆ ಚಿಕ್ಕ ಮಕ್ಕಳಿಗೆ ಎಲಚಿ ಹಣ್ಣು ಎರೆಯೋ ಶಾಸ್ತ್ರ. ಮಣೆ ಮೇಲೆ ಕೂರಿಸಿ, ಎಲಚಿ ಹಣ್ಣು, ಕಬ್ಬಿನ ಸಣ್ಣ ತುಂಡು, ಚಿಲ್ಲರೆ ಕಾಸು ಎಲ್ಲ ಬೆರೆಸಿ ತಲೆ ಮೇಲಿಂದ ಸುರೀತಾರೆ. ದೃಷ್ಟಿ ತೆಗೆಯೋಕೆ ಅನ್ನೋದು ದೊಡ್ಡವರ ವಿವರಣೆ. ಸುತ್ತ ನಿಂತ ಮಕ್ಕಳಿಗೆ ಅದು ಕಾಸು ಆರಿಸೋ ಪಂದ್ಯ. ಹಸು ಸಾಕಿರೋ ಬೀದಿಗಳಲ್ಲಿ ಅದೇ ಹೊತ್ತಿಗೆ ಕೊಂಬಿಗೆ ಬಣ್ಣ ಹಚ್ಚಿ ಕಿಚ್ಚು ಹಾಯಿಸೋಕೆ ಹುಲ್ಲು ಹರಡ್ತಿರ್ತಾರೆ.

ಗವಿಯೊಳಗೆ ಬರೋ ಸೂರ್ಯ

ಗಾಂಧಿ ಬಜಾರಿನಿಂದ ಗವಿಪುರ ಹೆಚ್ಚು ದೂರ ಇಲ್ಲ. ಅಲ್ಲಿನ ಗವಿಗಂಗಾಧರೇಶ್ವರ ದೇವಸ್ಥಾನದಲ್ಲಿ ಸಂಕ್ರಾಂತಿ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಗವಿಯೊಳಗಿನ ಲಿಂಗದ ಮೇಲೆ ಬೀಳತ್ತೆ. ಕೆಲವೇ ನಿಮಿಷ. ಅಂಗಳದಲ್ಲಿ ಸೂರ್ಯಪಾನ, ಚಂದ್ರಪಾನ ಅನ್ನೋ ದೊಡ್ಡ ಕಲ್ಲಿನ ಚಕ್ರಗಳು ನಿಂತಿವೆ. ಜನ ರಸ್ತೆವರೆಗೂ ಇರ್ತಾರೆ, ಒಳಗಿನ ದೃಶ್ಯ ಹೊರಗೆ ಪರದೆಯಲ್ಲೋ ಮೊಬೈಲಿನಲ್ಲೋ ನೋಡೋರೇ ಜಾಸ್ತಿ.

ಮಕ್ಕಳಿಗೆ ಇಲ್ಲೊಂದು ಒಗಟು ಕೊಡಬಹುದು. ಸೂರ್ಯ ದಕ್ಷಿಣದ ತುದಿ ಮುಟ್ಟಿ ಉತ್ತರಕ್ಕೆ ತಿರುಗೋದು ಡಿಸೆಂಬರ್ 21 ಅಥವಾ 22ಕ್ಕೆ. ನಾವು ಉತ್ತರಾಯಣ ಆಚರಿಸೋದು ಜನವರಿ 14 ಅಥವಾ 15ಕ್ಕೆ. ಯಾಕೆ ಈ ಅಂತರ? ಭೂಮಿಯ ಅಕ್ಷ ಬುಗುರಿಯ ಹಾಗೆ ನಿಧಾನಕ್ಕೆ ತಿರುಗ್ತಾ ಇರೋದರಿಂದ ನಕ್ಷತ್ರಗಳ ಲೆಕ್ಕಕ್ಕೂ ಋತುಗಳ ಲೆಕ್ಕಕ್ಕೂ ಸುಮಾರು 72 ವರ್ಷಕ್ಕೆ ಒಂದು ದಿನ ವ್ಯತ್ಯಾಸ ಬರತ್ತೆ. ಸರಿಸುಮಾರು 1700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಇದ್ದವು.

ಇನ್ನೊಂದು ಒಗಟು. ಆ ಕಿರಣ ವರ್ಷದಲ್ಲಿ ಇನ್ನೊಂದು ಸಲ ಅದೇ ದಾರಿಯಲ್ಲಿ ಬರಲೇಬೇಕು, ಯಾವಾಗ? ಜನವರಿ 14 ಅಂದರೆ ಡಿಸೆಂಬರ್ 21 ಆಗಿ 24 ದಿನ. ಅದಕ್ಕೆ 24 ದಿನ ಹಿಂದೆ ಎಣಿಸಿ. ನವೆಂಬರ್ ಕೊನೇ ವಾರ. ಸೂರ್ಯ ದಕ್ಷಿಣಕ್ಕೆ ಹೋಗೋವಾಗಲೂ ಅದೇ ಜಾಗ ದಾಟಿ ಹೋಗಿರ್ತಾನೆ. ಆವಾಗ ಇಷ್ಟು ಜನ ಇರಲ್ಲ, ಅಷ್ಟೇ.

ಮಕ್ಕಳ ಜೊತೆ ಹೋಗೋರಿಗೆ

ಗಾಂಧಿ ಬಜಾರಿಗೆ ಹಬ್ಬದ ಹಿಂದಿನ ದಿನ ಬೇಡ, ಎರಡು ಮೂರು ದಿನ ಮೊದಲು ಬೆಳಗ್ಗೆ ಎಂಟರೊಳಗೆ ಹೋಗಿ. ಕಾರು ಬಿಡಿ, ಮೆಟ್ರೋ ಹಿಡೀರಿ. ಕೈಚೀಲ ಮರೀಬೇಡಿ. ಕಬ್ಬು ಕೊಳ್ಳೋವಾಗ ಮಕ್ಕಳ ಕೈಲೇ ಆರಿಸಿ. ಗಿಣ್ಣಿನ ನಡುವೆ ಅಂತರ ಜಾಸ್ತಿ ಇರೋದು ಜಗಿಯೋಕೆ ಸುಲಭ. ಸಿಪ್ಪೆ ಹೆರೆದು ತುಂಡು ಮಾಡಿಕೊಡೋಕೆ ಅಲ್ಲೇ ಕೇಳಬಹುದು. ಹಸಿವಾದರೆ ವಿದ್ಯಾರ್ಥಿ ಭವನ ಇದ್ದೇ ಇದೆ, 1943ರಿಂದ; ಕ್ಯೂ ಕೂಡ ಆಗಿನಿಂದಲೇ ಇದ್ದ ಹಾಗಿರತ್ತೆ.

ಅಲ್ಲಿಂದ ಬ್ಯೂಗಲ್ ರಾಕ್ ಪಾರ್ಕಿಗೆ ನಡೆದು ಹೋಗಿ, ಬಂಡೆ ಮೇಲೆ ಕೂತು ಕಬ್ಬು ತಿನ್ನಿ. ಸಿಪ್ಪೆ, ಜಗಿದ ಪಿಪ್ಪೆ ಎಲ್ಲ ಚೀಲದಲ್ಲೇ ವಾಪಸ್ ತನ್ನಿ. ಪ್ರಕೃತಿ ಪಾಠದ ಮೊದಲ ನಿಯಮ ಅದು. ವಿ.ವಿ. ಪುರಂನ ಸಜ್ಜನ್ ರಾವ್ ವೃತ್ತದ ಬಳಿ ಶುರುವಾದ ಅವರೆ ಮೇಳ ಈಚಿನ ವರ್ಷಗಳಲ್ಲಿ ನ್ಯಾಷನಲ್ ಕಾಲೇಜು ಮೈದಾನದಲ್ಲಿ ನಡೀತಿದೆ. ದಿನಾಂಕ ನೋಡ್ಕೊಂಡು ಹೋದರೆ ಅದೂ ಒಂದೇ ಸುತ್ತಿನಲ್ಲಿ ಮುಗಿಯತ್ತೆ. ಮಲ್ಲೇಶ್ವರದ ಕಡೆಯವರಿಗೆ ಸಂಪಿಗೆ ರಸ್ತೆ ಮೆಟ್ರೋ ಸ್ಟೇಷನ್ ಹತ್ತಿರ, ಚಾಮರಾಜಪೇಟೆಗೆ ಕೆ.ಆರ್. ಮಾರ್ಕೆಟ್ ಸ್ಟೇಷನ್.

ಇಷ್ಟೊಂದು ಸಕ್ಕರೆ ಮಕ್ಕಳಿಗೆ ಒಳ್ಳೇದಾ ಅಂತ ಕೇಳೋ ಅಪ್ಪ ಅಮ್ಮಂದಿರಿದ್ದೀರಿ, ಗೊತ್ತು. ವರ್ಷಕ್ಕೊಮ್ಮೆ ತಾವೇ ಮಾಡಿದ ಹೆಬ್ಬೆಟ್ಟಿನ ಗಾತ್ರದ ಒಂದು ಆನೆಗಿಂತ, ದಿನಾ ಕುಡಿಯೋ ಟೆಟ್ರಾ ಪ್ಯಾಕ್ ಜ್ಯೂಸಿನ ಬಗ್ಗೆ ಯೋಚನೆ ಮಾಡೋದು ಮೇಲು. ಆನೆಯಲ್ಲಿ ಎಷ್ಟು ಸಕ್ಕರೆ ಇದೆ ಅನ್ನೋದನ್ನ ಮಗು ಕಣ್ಣಾರೆ ನೋಡಿರತ್ತೆ. ಜ್ಯೂಸಿನದ್ದು ನೋಡಿರಲ್ಲ.

ಸೌಟಿನ ಭಾರ

ಆ ಭಾನುವಾರ ಅಮ್ಮನ ಮಣಿಕಟ್ಟು ನೋಯ್ತಿತ್ತು. ಎರಡನೇ ಸಲದ ಪಾಕದ ಹೊತ್ತಿಗೆ ಸೌಟು ನನ್ನ ಕೈಗೆ ಕೊಟ್ಟು ಪಕ್ಕ ನಿಂತರು. ನಾನು ತಿರುವ್ತಾ ಇದ್ದೆ. ಪಾಕ ಇನ್ನೂ ತಿಳಿಯಾಗೇ ಇತ್ತು, ಅವರು "ಈಗ" ಅಂದರು. ಸುರಿಯೋಕೆ ಪಾತ್ರೆ ಎತ್ತೋವಷ್ಟರಲ್ಲಿ ಅದು ಬೆಳ್ಳಗಾಗೋಕೆ ಶುರುವಾಗಿತ್ತು.

"ನಿಂಗೆ ಹೇಗಮ್ಮ ಮೊದಲೇ ಗೊತ್ತಾಯ್ತು?"

"ಬೆಳ್ಳಗಾಗೋದು ಆಮೇಲೆ. ಅದಕ್ಕೆ ಮುಂಚೆ ಸೌಟು ಭಾರ ಆಗತ್ತೆ. ನಿನ್ನ ಕೈ ನೋಡಿದ್ರೇ ಗೊತ್ತಾಗತ್ತೆ."

ಇದು ಯಾವ ರೆಸಿಪಿಯಲ್ಲೂ ನನಗೆ ಸಿಕ್ಕಿಲ್ಲ. ಅವರಿಗೆ ಅವರ ಅತ್ತೆ ಕೈಯಿಂದ ಬಂದದ್ದು. ಸಕ್ಕರೆ ಅಚ್ಚು ಪೇಟೆಯಲ್ಲಿ ಮುಂದೆಯೂ ಸಿಗತ್ತೆ, ಅದರ ಬಗ್ಗೆ ಚಿಂತೆ ಇಲ್ಲ. ಬಣ್ಣ ಇನ್ನೂ ಚೆನ್ನಾಗಿರತ್ತೆ, ಸೊಂಡಿಲೂ ಮುರಿದಿರಲ್ಲ. ಆದರೆ ಸೌಟು ಭಾರ ಆಗೋ ಆ ಕ್ಷಣ ಪೊಟ್ಟಣದಲ್ಲಿ ಬರಲ್ಲ. ಅದನ್ನ ಬಲ್ಲ ಕೈಗಳಿಗೆ ಎಪ್ಪತ್ತು ದಾಟ್ತಿದೆ. ಇನ್ನು ಎಷ್ಟು ಸಂಕ್ರಾಂತಿ ಆ ಕೈ ಪಕ್ಕದಲ್ಲಿ ನಿಲ್ಲತ್ತೆ ಅಂತ ನಮ್ಮಲ್ಲಿ ಯಾರೂ ಲೆಕ್ಕ ಹಾಕೋಕೆ ಹೋಗಲ್ಲ, ಹಾಕಿದರೆ ಸಂಖ್ಯೆ ದೊಡ್ಡದಿರಲ್ಲ.

ಕೆನಡಾದಲ್ಲಿ ಮಕ್ಕಳಿಗೆ ಇದನ್ನ ಕಲಿಸೋಕೆ ಕಾಡು, ಕಾರ್ಯಕ್ರಮ, ಟೀಚರ್ ಎಲ್ಲ ಇಟ್ಟುಕೊಂಡಿದ್ದಾರೆ. ನಮಗೆ ಬೇಕಾಗಿರೋದು ಒಂದು ತಾರಸಿ, ಅರ್ಧ ಕೆಜಿ ಸಕ್ಕರೆ, ಒಬ್ಬ ಅಜ್ಜಿ. ಊರಿನ ಮನೆಯ ಅಟ್ಟದಲ್ಲೋ ಅತ್ತೆಯ ಟ್ರಂಕಿನಲ್ಲೋ ಹಳೇ ಸೀರೆಯಲ್ಲಿ ಸುತ್ತಿದ ಮರದ ಅಚ್ಚು ನಿಮ್ಮ ಮನೆಯಲ್ಲೂ ಇರಬಹುದು. ಒಮ್ಮೆ ಫೋನ್ ಮಾಡಿ ಕೇಳಿ. ಇದ್ದರೆ ಕೆಳಗಿಳಿಸಿ, ತೊಳೆದು, ಹಬ್ಬದ ಹಿಂದಿನ ಶನಿವಾರ ರಾತ್ರಿ ನೀರಿಗೆ ಹಾಕಿಡಿ. ಬೆಳಗ್ಗೆ ಅಕ್ಕಪಕ್ಕದ ಮಕ್ಕಳನ್ನ ಕರೀರಿ. ಸೌಟು ಮಾತ್ರ ನೀವೇ ಹಿಡೀರಿ, ಪಕ್ಕದಲ್ಲಿ ಅವರನ್ನ ನಿಲ್ಲಿಸಿಕೊಳ್ಳಿ.